ಪರದೇಶಿಯ ಪದಮೂಲ
ದೇಶಾಟನೆಗೆ ಇಂಗ್ಲಿಷಿನಲ್ಲಿ ‘ಪೆರೆಗ್ರಿನೇಷನ್’ ಎಂಬ ಅಪರೂಪದ ಪದವೊಂದಿದೆ. ಇಂದು ಅದನ್ನು ತುಸು ವಿನೋದಕ್ಕೇ ಬಳಸುವುದುಂಟು. ಮೂಲ ಅಷ್ಟು ಹಗುರವಲ್ಲ. ಲ್ಯಾಟಿನ್ನಿನಲ್ಲಿ ‘ಪೆರ್’ ಎಂದರೆ ಹಾದು, ‘ಅಗೆರ್’ ಎಂದರೆ ಹೊಲ. ಹೊಲಗಳನ್ನು ಹಾದು ಹೊರಗಿನಿಂದ ಬಂದವನು ‘ಪೆರೆಗ್ರಿನಸ್’. ರೋಮನ್ ಕಾನೂನಿನಲ್ಲಿ ಆತ ಸ್ವತಂತ್ರ, ಆದರೆ ರೋಮಿನ ಪೌರನಲ್ಲ. ಕ್ರಿ.ಶ. 212ರಲ್ಲಿ ಚಕ್ರವರ್ತಿ ಕಾರಕಲ್ಲಾ ಬಹುತೇಕ ಎಲ್ಲ ಸ್ವತಂತ್ರ ನಿವಾಸಿಗಳಿಗೂ ಪೌರತ್ವವಿತ್ತ. ಉದ್ದೇಶ ತೆರಿಗೆ ಹೆಚ್ಚಿಸಿಕೊಳ್ಳುವುದಾಗಿತ್ತೆಂದು ಸಮಕಾಲೀನ ಇತಿಹಾಸಕಾರ ಡಿಯೊ ಬರೆದಿದ್ದಾನೆ. ಅರ್ಥಶಾಸ್ತ್ರ ಓದಿದ ನನಗೆ ಆಶ್ಚರ್ಯವೇನಿಲ್ಲ.

ಯಾತ್ರಿಕನನ್ನು ಸೂಚಿಸುವ ‘ಪಿಲ್ಗ್ರಿಮ್’ ಸಹ ಇದೇ ಬೇರಿನದು. ನಡೆದು ಬಂದವನು ಒಂದು ಪದದಲ್ಲಿ ಪೂಜ್ಯ, ಇನ್ನೊಂದರಲ್ಲಿ ಹಕ್ಕಿಲ್ಲದವನು. ನಮ್ಮ ‘ಪರದೇಶಿ’ಯೂ ಹೊರನಾಡಿನವನೆಂಬ ಅರ್ಥದಿಂದ ಜಾರಿ ನಿರ್ಗತಿಕ, ದಿಕ್ಕಿಲ್ಲದವ ಎಂಬಲ್ಲಿಗೆ ಬಂದು ನಿಂತಿತು.

ಸೇವೆಯಲ್ಲಿದ್ದಾಗ ಪಡಿತರ ಚೀಟಿ ಕೋರಿದ ವಲಸೆ ಕಾರ್ಮಿಕರ ಅರ್ಜಿಗಳ ಮೇಲೆ ‘ಸ್ಥಳೀಯರಲ್ಲ’ ಎಂದು ಷರಾ ಬರೆದು ನಾನೇ ಹಿಂದಿರುಗಿಸಿದ್ದೇನೆ. ನಿಯಮ ಹಾಗಿತ್ತು. ಈಗ ತವರಿನ ಚೀಟಿಯಿಂದಲೇ ಅವರು ಬೇರೆ ರಾಜ್ಯದಲ್ಲೂ ಪಡಿತರ ಪಡೆಯಬಹುದು. ಆದರೆ ತಿಂಗಳಿಗೊಂದು ಶೆಡ್ಡು ಬದಲಿಸುವ ಕಟ್ಟಡ ಕಾರ್ಮಿಕನಿಗೆ, ದುಡಿಯುವ ಊರಿನ ಮತದಾರರ ಪಟ್ಟಿಗೆ ಸೇರಲು ವಾಸದ ಪುರಾವೆ ಎಲ್ಲಿಂದ ಬರಬೇಕು?