ದುಡ್ಡು ಮುಗಿದರೆ ಆಸ್ಪತ್ರೆ ಬದಲಿಸಿ, ಮಾತ್ರೆ ನಿಲ್ಲಿಸಬೇಡಿ

ಬೆಳೆ ಕೈಕೊಟ್ಟ ವರ್ಷ ಗೊಬ್ಬರಕ್ಕಾದರೆ ಸಾಲ ಮಾಡ್ತೀವಿ. ಮನಸ್ಸಿನ ಕಾಯಿಲೆಯ ಮಾತ್ರೆ ಮಾತ್ರ ನಿಲ್ಲಿಸ್ತೀವಿ. "ಈಗ ಚೆನ್ನಾಗೇ ಇದಾನಲ್ಲ" ಅಂತೀವಿ. ಚೆನ್ನಾಗಿರೋದೇ ಆ ಮಾತ್ರೆಯಿಂದ. ಲಿಥಿಯಂನಂಥದ್ದನ್ನು ದಿಢೀರನೆ ಬಿಟ್ಟರೆ ಕಾಯಿಲೆ ಮರುಕಳಿಸುವ ಅಪಾಯ ಹೆಚ್ಚು.

ಖಾಸಗಿ ಡಾಕ್ಟರ ಫೀಸು ಕಟ್ಟೋಕೆ ಆಗದಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ, ನಾಚಿಕೆ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ, ಅಗತ್ಯ ಔಷಧಿ ಪಟ್ಟಿಯಲ್ಲಿರುವ ಮಾತ್ರೆಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲೂ ಸದಾಕಾಲ ಪುಕ್ಕಟೆ ಸಿಗಬೇಕು. ಯಾರೋ ಧರ್ಮಕ್ಕೆ ಕೊಡೋದಲ್ಲ, ನಮ್ಮ ಹಕ್ಕು.

ಕೈಯಲ್ಲಿ ಹದಿನೈದು ದಿನದ ಮಾತ್ರೆ ಇರುವಾಗಲೇ ಹೊರಡಿ. ಹಳೇ ಚೀಟಿ, ರಕ್ತಪರೀಕ್ಷೆ ವರದಿ ಎಲ್ಲ ಒಯ್ಯಿರಿ. ಕಂಪನಿ ಹೆಸರು ಬೇರೆ ಇದ್ದರೆ ಗಾಬರಿಯಾಗದೆ, ಒಳಗಿನ ಔಷಧಿ, ಡೋಸು ಅದೇನಾ ಅಂತ ಕೇಳಿ. ಮನೋವೈದ್ಯರು ತಾಲ್ಲೂಕಿಗೆ ಯಾವತ್ತು ಬರ್ತಾರೆ ಅನ್ನೋದನ್ನ ಮೊದಲೇ ವಿಚಾರಿಸಿ. ತುರ್ತಿದ್ದರೆ ಟೆಲಿ ಮಾನಸ್ 14416, ಹಗಲು ರಾತ್ರಿ ಎತ್ತುತ್ತಾರೆ.

"ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ" ಅಂದ್ರೆ ತಲೆ ತಗ್ಗಿಸಿ ವಾಪಸ್ ಬರಬೇಡಿ, ಆಡಳಿತ ವೈದ್ಯಾಧಿಕಾರಿಗೆ ಬರೆದುಕೊಡಿ. ಯೂರಿಯಾ ಬರಲಿಲ್ಲ ಅಂದ್ರೆ ರಸ್ತೆ ತಡೆಯೋ ನಾವು ಈ ಮಾತ್ರೆಗೆ ಯಾಕೆ ಬಾಯಿ ಬಿಡಲ್ಲ?