ಮನೆಯಲ್ಲಿ ಮಾಡುವ ಕೆಲಸವಲ್ಲವಂತೆ

ಕಾರಿನ ಸ್ಪ್ರಿಂಗನ್ನು ಮನೆಯಲ್ಲಿ ಬದಲಾಯಿಸಬಾರದೆಂದು ನನಗೆ ಬುದ್ಧಿ ಹೇಳಿದವರು ಒಬ್ಬಿಬ್ಬರಲ್ಲ. ವೈಟ್‌ಫೀಲ್ಡಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಸಂಬಳ ತರುವ ನನ್ನ ಮಗ, ಎದುರು ಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿಗಳು, ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು, ಕೊನೆಗೆ ಬೆಳಿಗ್ಗೆ ಹಾಲು ಹಾಕುವ ಹುಡುಗ ಕೂಡ. ಎಲ್ಲರದೂ ಒಂದೇ ಮಾತು: "ಅಪಾಯ, ಗ್ಯಾರೇಜಿಗೆ ಕೊಟ್ಟುಬಿಡಿ." ಅಪಾಯವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ತಕರಾರೆಲ್ಲ ಆ ಮಾತಿನ ಉಳಿದರ್ಧದ ಮೇಲೆ.

ನಮ್ಮದು 1999ರ ಮಾರುತಿ 800. ಅದರ ತಯಾರಿಕೆ 2014ರಲ್ಲೇ ನಿಂತುಹೋಯಿತು. ಹದಿನೈದು ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. 2022ರ ಏಪ್ರಿಲ್‌ವರೆಗೆ 600 ರೂಪಾಯಿ ಇದ್ದ ಶುಲ್ಕ ಆಮೇಲೆ 5,000 ಆಯಿತು. ಅದನ್ನೂ ಕಟ್ಟಿದ್ದೇವೆ. ಯಜಮಾನರು ಪೀಣ್ಯದ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ದುಡಿದವರು. ಈಗ ಬೆನ್ನುಹುರಿಯ ತೊಂದರೆ, ಬಗ್ಗಬಾರದೆಂದು ಡಾಕ್ಟರ ಆಜ್ಞೆ. ಹಾಗಾಗಿ ಹೇಳುವ ಕೆಲಸ ಅವರದು, ಬಗ್ಗುವ ಕೆಲಸ ನನ್ನದು. ಮೂವತ್ತು ವರ್ಷದ ಸಂಸಾರದಲ್ಲಿ ಇದೇನೂ ಹೊಸದಲ್ಲ, ಬಿಡಿ.

ಹೋದ ಮಳೆಗಾಲದಲ್ಲಿ ಕಾರು ಎಡಕ್ಕೆ ವಾಲತೊಡಗಿತು. ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಸ್ಕೇಲು ಹಿಡಿದು ಅಳೆದರೆ ಎಡಗಡೆ ಎರಡು ಬೆರಳು ತಗ್ಗು. ಟಾರ್ಚು ಬಿಟ್ಟು ನೋಡಿದೆವು. ಮುಂದಿನ ಎಡ ಸ್ಪ್ರಿಂಗಿನ ಕೆಳಗಿನ ಸುತ್ತು ತುಂಡಾಗಿ, ಮುರಿದ ಕಡೆ ತುಕ್ಕು ಹಿಡಿದು ಕೂತಿತ್ತು. ಕೆಸರು ನೀರು ನಿಲ್ಲುವುದು ಅಲ್ಲಿಯೇ, ಮುರಿಯುವುದೂ ಅಲ್ಲಿಯೇ. ಬಿಗಿದ ಉಕ್ಕಿಗೂ ನೀರಿಗೂ ಆಗಿಬರುವುದಿಲ್ಲ. ನಮ್ಮ ಪೀಣ್ಯದ ಮೇಲ್ಸೇತುವೆಯನ್ನೇ 2021ರ ಡಿಸೆಂಬರಿನಲ್ಲಿ ಕೇಬಲ್ಲುಗಳ ದೋಷಕ್ಕಾಗಿ ಮುಚ್ಚಿ, ಮರುವರ್ಷ ಫೆಬ್ರವರಿಯಲ್ಲಿ ಲಘು ವಾಹನಗಳಿಗಷ್ಟೇ ಬಿಟ್ಟರಲ್ಲ. ಆ ದಿನಗಳಲ್ಲಿ ಊರಿನ ಲಾರಿಗಳೆಲ್ಲ ಕೆಳಗಿನ ರಸ್ತೆಗೆ ಇಳಿದು, ಅಲ್ಲಿ ಬಿದ್ದ ಗುಂಡಿಗಳನ್ನು ನಮ್ಮ ಕಾರು ಒಂದೂ ಬಿಡದೆ ಎಣಿಸಿದೆ. ಇನ್ನು ಹಂಪುಗಳು. ಹಂಪು 10 ಸೆಂಟಿಮೀಟರು ಎತ್ತರ, 3.7 ಮೀಟರು ಅಗಲ ಇರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಹೇಳಿದೆ. ನಮ್ಮ ಬೀದಿಯ ಹಂಪನ್ನು ಶಾಲೆಯ ಮೀಟರು ಕೋಲಿನಿಂದ ನಾನೇ ಅಳೆದೆ. ಅಗಲಕ್ಕೆ ಒಂದು ಕೋಲೂ ಪೂರ್ತಿ ಬೇಕಾಗಲಿಲ್ಲ.

ಗ್ಯಾರೇಜಿಗೆ ಹೋಗದೆ ಇರಲಿಲ್ಲ. ಮೊದಲನೆಯವನು, ಸುತ್ತುಗಳ ನಡುವೆ ರಬ್ಬರ್ ಬಫರ್ ತುರುಕಿದರೆ ಕಾರು ಎದ್ದು ನಿಲ್ಲುತ್ತದೆ ಎಂದ. ನಿಲ್ಲುತ್ತದೆ, ನಿಜ. ರಬ್ಬರು ಕೂತ ಸುತ್ತು ಕೆಲಸ ಬಿಡುತ್ತದೆ, ಅದರ ಹೊರೆ ಉಳಿದ ಸುತ್ತುಗಳ ಮೇಲೆ ಬೀಳುತ್ತದೆ, ಮುರಿದದ್ದು ಮುರಿದೇ ಇರುತ್ತದೆ. ಎರಡನೆಯವನು ಮುರಿದದ್ದನ್ನು ವೆಲ್ಡಿಂಗ್ ಮಾಡಿಕೊಡುತ್ತೇನೆಂದ. ಯಜಮಾನರು ಕೂತಲ್ಲೇ ಕೆಂಡವಾದರು. ಸ್ಪ್ರಿಂಗಿನ ಉಕ್ಕನ್ನು ಕಾಯಿಸಿ ಹದ ಮಾಡಿರುತ್ತಾರೆ, ಅದಕ್ಕೆ ಮತ್ತೆ ಬೆಂಕಿ ತಗುಲಿಸಿದರೆ ಆ ಜಾಗದ ಹದ ಸತ್ತೇಹೋಗುತ್ತದೆ. ಸ್ಪ್ರಿಂಗು ಸುತ್ತುವ ಶೆಡ್ಡುಗಳಿರುವ ಪೀಣ್ಯದಲ್ಲೇ ಈ ಮಾತು ಕೇಳಬೇಕಾಯಿತಲ್ಲ ಎಂದು ಅವರಿಗೆ ಸಂಕಟ. ಮೂರನೆಯ ಗ್ಯಾರೇಜಿಗೆ ನಾನು ಹೋಗಲಿಲ್ಲ. ಯಾಕೆಂದು ಹೇಳುತ್ತೇನೆ.

ಅಲ್ಲಿ ನನ್ನ ವಿದ್ಯಾರ್ಥಿಯೊಬ್ಬ ಕೆಲಸಕ್ಕಿದ್ದ. ಹೆಸರು ಬೇಡ. ಕನ್ನಡದಲ್ಲಿ ಎಪ್ಪತ್ತು ತೆಗೆದು ಗಣಿತದಲ್ಲಿ ಫೇಲಾದ ಹುಡುಗ. ಎಸ್ಸೆಸ್ಸೆಲ್ಸಿ ಮುಗಿಯದೆ ಸ್ಪ್ಯಾನರು ಹಿಡಿದ. ಒಂದು ದಿನ ಯಾರದೋ ಕಾರಿನ ಮುಂದಿನ ಸ್ಪ್ರಿಂಗು ಬಿಚ್ಚಬೇಕಿತ್ತು. ಸ್ಪ್ರಿಂಗನ್ನು ಅದುಮಿ ಹಿಡಿಯುವ ಕಂಪ್ರೆಸರ್ ಎಂಬ ಸಾಧನ ಅಲ್ಲಿರಲಿಲ್ಲ. ಬೈಂಡಿಂಗ್ ತಂತಿಯಿಂದ ಸುತ್ತುಗಳನ್ನು ಬಿಗಿದು ಕಟ್ಟಿ, ಮೇಲಿನ ನಟ್ಟು ಬಿಚ್ಚು ಎಂದು ಮಾಲೀಕ ಹೇಳಿದ. ಹುಡುಗ ಬಿಚ್ಚಿದ. ತಂತಿ ತುಂಡಾಯಿತು. ಕೆನ್ನೆಯ ಮೂಳೆ ಮುರಿಯಿತು, ಎಡಗಣ್ಣಿನ ದೃಷ್ಟಿ ಹೋಯಿತು. ಆಗ ಅವನಿಗೆ ಹದಿನೇಳು ವರ್ಷ. ಆಸ್ಪತ್ರೆಯ ಮೊದಲ ದಿನದ ಬಿಲ್ಲು ಕಟ್ಟಿದ ಮಾಲೀಕ, "ಹುಡುಗ ಜೋಪಾನವಾಗಿರಬೇಕಿತ್ತು" ಎಂದನಂತೆ. ಈಗ ಅವನು ಮನೆಗೆ ಬಂದರೆ ನನ್ನ ಬಲಗಡೆಗೇ ನೋಡಿಕೊಂಡು ಕೂರುತ್ತಾನೆ, ಆ ಕಡೆಯ ಮುಖ ನನಗೆ ಕಾಣದಿರಲಿ ಎಂದು.

ಅದಕ್ಕೂ ಒಂದು ವರ್ಷ ಮೊದಲು ಅದೇ ಗ್ಯಾರೇಜಿನಲ್ಲಿ ನಾವು ಶಾಕ್ ಅಬ್ಸಾರ್ಬರ್ ಹಾಕಿಸಿದ್ದೆವು. ಅದಕ್ಕೂ ಸ್ಪ್ರಿಂಗು ಬಿಚ್ಚಲೇಬೇಕು. ಹೇಗೆ ಬಿಚ್ಚಿದರೆಂದು ನಾನು ಕೇಳಲಿಲ್ಲ. ಬಿಲ್ಲಿನಲ್ಲಿ ನೂರೈವತ್ತು ರೂಪಾಯಿ ಬಿಡಿಸಿಕೊಂಡು, ಗೆದ್ದೆನೆಂದುಕೊಂಡು ಬಂದಿದ್ದೆ.

ಈಗ ಹೇಳಿ, "ಅಪಾಯ, ಗ್ಯಾರೇಜಿಗೆ ಕೊಟ್ಟುಬಿಡಿ" ಎಂದರೆ ಏನರ್ಥ? ಗ್ಯಾರೇಜಿನ ಬಾಗಿಲು ದಾಟಿದ ಕೂಡಲೇ ಸ್ಪ್ರಿಂಗು ಸಾಧುವಾಗುತ್ತದೆಯೆ? ಮಾರುತಿ 800ರ ತೂಕ 650 ಕೆ.ಜಿ. ಆಸುಪಾಸು. ಎಂಜಿನ್ನು ಮುಂದಿರುವುದರಿಂದ ಅರ್ಧಕ್ಕಿಂತ ಹೆಚ್ಚು ಭಾರ ಮುಂದಿನ ಎರಡು ಚಕ್ರಗಳ ಮೇಲಿದೆ. ಕಾರು ಸುಮ್ಮನೆ ನಿಂತಾಗಲೇ ಮುಂದಿನ ಒಂದೊಂದು ಸ್ಪ್ರಿಂಗೂ ಒಂದೂವರೆ ಕ್ವಿಂಟಲಿಗೂ ಮೀರಿ ಹೊತ್ತಿರುತ್ತದೆ. ಅಷ್ಟನ್ನು ತಂತಿಯಲ್ಲಿ ಕಟ್ಟಿ ಯಾರದೋ ಮಗನ ಮುಖದ ಮುಂದೆ ಇಟ್ಟರೆ ನಮಗೆ ಅಪಾಯವಿಲ್ಲ, ಅಷ್ಟೆ. ವಿಜ್ಞಾನದ ಮೇಷ್ಟ್ರು ನನ್ನ ಮೇಲೆ ಸಿಟ್ಟಾಗಬಾರದು. ಹುಕ್ ಮಹಾಶಯ 1678ರಲ್ಲಿ ಪ್ರಕಟಿಸಿದ ನಿಯಮವನ್ನು ಅವರು ಪ್ರತಿವರ್ಷ ಪುಟ್ಟ ಸ್ಪ್ರಿಂಗಿಗೆ ತೂಕ ತೂಗುಹಾಕಿ ಚೆನ್ನಾಗಿಯೇ ಕಲಿಸುತ್ತಾರೆ. ಆ ಪಾಠದಲ್ಲಿ ಪಾಸಾದವರಿಗೆ ಕುರ್ಚಿ, ಫೇಲಾದವರಿಗೆ ಸ್ಪ್ರಿಂಗು. ನಿಯಮ ಗೊತ್ತಿದ್ದವರು ಅದನ್ನು ಮುಟ್ಟುವುದಿಲ್ಲ, ಮುಟ್ಟುವವನಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಇಪ್ಪತ್ತೆಂಟು ವರ್ಷ ಈ ಏರ್ಪಾಟಿನ ಸಂಬಳ ಉಂಡವಳು ನಾನೂ ಒಬ್ಬಳು, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಹಾಗಾಗಿ ಜೆ.ಸಿ. ರಸ್ತೆಗೆ ಹೋಗಿ ಎರಡು ಹೊಸ ಸ್ಪ್ರಿಂಗು, ಮೇಲಿನ ರಬ್ಬರು, ಬೇರಿಂಗು ಮತ್ತು ಒಂದು ಜೊತೆ ಕಂಪ್ರೆಸರ್ ತಂದೆ. ಕಂಪ್ರೆಸರಿಗೆ ಎರಡು ಸಾವಿರದೊಳಗೇ ಆಯಿತು. ಒಂದು ಕಣ್ಣಿನ ಬೆಲೆಯ ಎದುರು ಇಟ್ಟು ನೋಡಿ. ಮುರಿದದ್ದು ಒಂದೇ ಆದರೂ ಬದಲಾಯಿಸಬೇಕಾದದ್ದು ಎರಡು. ಹಳೆಯದೊಂದು ಹೊಸದೊಂದು ಹಾಕಿದರೆ ಕಾರು ಮತ್ತೆ ವಾಲುತ್ತದೆ.

ಭಾನುವಾರ ಬೆಳಿಗ್ಗೆ ಪೋರ್ಟಿಕೋದ ಸಿಮೆಂಟು ನೆಲದ ಮೇಲೆ ಶುರುಮಾಡಿದೆ. ಮಣ್ಣಿನ ನೆಲವಾಗಿದ್ದರೆ ಖಂಡಿತ ಮಾಡುತ್ತಿರಲಿಲ್ಲ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಚಕ್ರದ ನಟ್ಟುಗಳನ್ನು ನೆಲದ ಮೇಲಿದ್ದಾಗಲೇ ಸಡಿಲಿಸಿ, ಆಮೇಲೆ ಜಾಕ್ ಎತ್ತಿದೆ. ಜಾಕನ್ನು ನಂಬಿ ಕೆಳಗೆ ಕೈ ಹಾಕಬಾರದು. ಕಬ್ಬಿಣದ ಸ್ಟ್ಯಾಂಡು ಕೊಟ್ಟು, ಬಿಚ್ಚಿದ ಚಕ್ರವನ್ನೂ ಕಾರಿನ ಅಡಿಗೆ ಮಲಗಿಸಿದೆ. ಬ್ರೇಕಿನ ಪೈಪನ್ನು ಅದರ ಹಿಡಿಕೆಯಿಂದ ಬಿಡಿಸಿದೆ, ಕೆಳಗಿನ ಎರಡು ಬೋಲ್ಟು ತೆಗೆದೆ, ಬಾನೆಟ್ಟು ಎತ್ತಿ ಮೇಲಿನ ಅಂಚಿನ ನಟ್ಟುಗಳನ್ನು ತೆಗೆದೆ. ಸ್ಪ್ರಿಂಗು ಶಾಕ್ ಅಬ್ಸಾರ್ಬರಿನ ಸಮೇತ ಕೈಗೆ ಬಂತು. ಇಷ್ಟರಲ್ಲಿ ನಡುವಿನ ದೊಡ್ಡ ನಟ್ಟನ್ನು ಮಾತ್ರ ಮುಟ್ಟಿರಲಿಲ್ಲ. ಯಜಮಾನರು ಕುರ್ಚಿಯಲ್ಲಿ ಕೂತು ಐದು ನಿಮಿಷಕ್ಕೊಮ್ಮೆ, "ನಡುವಿನದು ಮುಟ್ಟಬೇಡ ಕಣೇ" ಎನ್ನುತ್ತಲೇ ಇದ್ದರು. ಹುಡುಗನ ಕಣ್ಣು ತೆಗೆದದ್ದು ಅದೇ ನಟ್ಟು.

ಆ ಹೊತ್ತಿಗೆ ಅವನೇ ಬಂದ. ನಾನು ಕರೆದಿರಲಿಲ್ಲ, ಹಾಲಿನ ಹುಡುಗ ಸುದ್ದಿ ಮುಟ್ಟಿಸಿದ್ದ.

"ಮಿಸ್, ನೀವು ಎದುರಿಗೆ ಕೂರಬೇಡಿ. ಪಕ್ಕಕ್ಕೆ ಬನ್ನಿ."

"ನೀನು ದೂರ ಇರೋ, ನಿಂಗ್ಯಾಕೆ?"

"ಹೇಳ್ತೀನಿ ಅಷ್ಟೆ, ಮಿಸ್. ಮುಟ್ಟಲ್ಲ."

ಮುಟ್ಟಲಿಲ್ಲ. ಗೋಡೆಗೆ ಒರಗಿ ನಿಂತು ಹೇಳಿದ. ಕಂಪ್ರೆಸರಿನ ಎರಡು ಸರಳುಗಳನ್ನು ಸ್ಪ್ರಿಂಗಿನ ಎದುರುಬದುರಿಗೆ, ಆದಷ್ಟು ಹೆಚ್ಚು ಸುತ್ತು ಹಿಡಿಯುವಂತೆ ಕೊಕ್ಕೆ ಹಾಕಬೇಕು. ಒಂದನ್ನು ನಾಲ್ಕು ಸುತ್ತು ಬಿಗಿದರೆ ಇನ್ನೊಂದನ್ನೂ ನಾಲ್ಕೇ ಸುತ್ತು. ಒಂದು ಕಡೆ ಹೆಚ್ಚಾದರೆ ಸ್ಪ್ರಿಂಗು ಬಿಲ್ಲಿನ ಹಾಗೆ ಬಾಗಿ ಕೊಕ್ಕೆ ಜಾರುತ್ತದೆ. ಎರಡು ಬಾರಿ ನನ್ನ ಲೆಕ್ಕ ತಪ್ಪಿತು, ಎರಡು ಬಾರಿಯೂ ಅವನು ಹಿಡಿದ. ಗಣಿತದಲ್ಲಿ ಫೇಲಾದ ಹುಡುಗ! ಸ್ಪ್ರಿಂಗು ತನ್ನ ಬಟ್ಟಲಿನಿಂದ ಬಿಟ್ಟು ಸಡಿಲವಾಗಿ ಅಲ್ಲಾಡುವವರೆಗೆ ಬಿಗಿದು, ಆಮೇಲೆ ನಡುವಿನ ನಟ್ಟು ತೆಗೆದೆ. ಏನೂ ಆಗಲಿಲ್ಲ. ಏನೂ ಆಗದಿರುವುದಕ್ಕೇ ಅಷ್ಟೆಲ್ಲ ಪಾಡು. ಹೊಸದನ್ನು ಹಾಗೆಯೇ ಅದುಮಿ, ಅದರ ತುದಿಯನ್ನು ಬಟ್ಟಲಿನ ಮೆಟ್ಟಿಲಿಗೆ ತಾಗಿಸಿ ಕೂರಿಸಿ, ನಟ್ಟು ಬಿಗಿದು, ಕಂಪ್ರೆಸರನ್ನು ಎರಡೂ ಕಡೆ ಸಮವಾಗಿ ಬಿಟ್ಟೆ. ಒಂದು ಕಡೆಗೆ ಮೂರು ಗಂಟೆ ಹಿಡಿಯಿತು. ಇನ್ನೊಂದು ಕಡೆ ಊಟದ ಮೇಲೆ. ಮರುದಿನ ವ್ಹೀಲ್ ಅಲೈನ್‌ಮೆಂಟಿಗೆ ದುಡ್ಡು ಕೊಟ್ಟೆ. ಅದು ನಿಜಕ್ಕೂ ಮನೆಯಲ್ಲಿ ಮಾಡುವ ಕೆಲಸವಲ್ಲ.

"ಎಲ್ಲರೂ ಮನೆಯಲ್ಲೇ ಮಾಡಿಕೊಂಡರೆ ಮೆಕ್ಯಾನಿಕ್ಕುಗಳ ಹೊಟ್ಟೆಯ ಗತಿ?" ಎಂದು ಬ್ಯಾಂಕಿನವರು ಕೇಳಿದರು. ಎಲ್ಲರೂ ಮಾಡಿ ಎಂದು ನಾನು ಹೇಳುತ್ತಿಲ್ಲ. ಸ್ಟ್ಯಾಂಡಿಲ್ಲದವರು, ಒಬ್ಬರೇ ಇರುವವರು, ಅವಸರದವರು ಮಾಡಲೇಬಾರದು. ಗ್ಯಾರೇಜಿಗೆ ಕೊಡಿ, ಆದರೆ ಕೊಡುವ ಮೊದಲು "ಕಂಪ್ರೆಸರ್ ಇದೆಯೆ, ತೋರಿಸಿ" ಎನ್ನಿ. ಯಾರು ಬಿಚ್ಚುತ್ತಾರೆಂದು ಕೇಳಿ. ಆಮೇಲೆ ಕೂಲಿಯಲ್ಲಿ ಚೌಕಾಶಿ ಮಾಡಬೇಡಿ. ನನ್ನ ನೂರೈವತ್ತು ಎಲ್ಲಿಂದ ಉಳಿಯಿತೆಂದು ನನಗೀಗ ಗೊತ್ತು. ಹದಿನಾಲ್ಕು ತುಂಬದವರನ್ನು ಯಾವ ಕೆಲಸಕ್ಕೂ, ಹದಿನೆಂಟು ತುಂಬದವರನ್ನು ಅಪಾಯದ ಕೆಲಸಕ್ಕೆ ಇಟ್ಟುಕೊಳ್ಳಬಾರದೆಂದು 2016ರ ಕಾನೂನು ತಿದ್ದುಪಡಿ ಹೇಳುತ್ತದೆ. ಗಿರಾಕಿ ಕಣ್ಣು ಮುಚ್ಚಿಕೊಂಡರೆ ಕಾನೂನು ಒಬ್ಬಂಟಿಯಾಗಿ ಏನು ಮಾಡೀತು?

ಕಂಪ್ರೆಸರು ಈಗ ಪೋರ್ಟಿಕೋದ ಮೊಳೆಗೆ ತೂಗುತ್ತಿದೆ. ಬೇಕಾದ ಗ್ಯಾರೇಜಿನವರು ಒಯ್ಯಬಹುದು, ಬಾಡಿಗೆ ಇಲ್ಲ. ನೋಟುಬುಕ್ಕಿನಲ್ಲಿ ತಾರೀಖು ಬರೆದು ಸಹಿ ಹಾಕಬೇಕು, ಮೇಷ್ಟ್ರ ಚಟ. ರಬ್ಬರು ತುರುಕುತ್ತೇನೆಂದವನು ಎರಡು ಸಲ ಒಯ್ದು ತಂದಿಟ್ಟ. ವೆಲ್ಡಿಂಗಿನವನು ಒಮ್ಮೆ. ಮೂರನೆಯವನು ಇನ್ನೂ ಬಂದಿಲ್ಲ.