ಕೋಷ್ಟಕದ ಕೆಳಗಣ ಸಾಲು

ದಿನಪತ್ರಿಕೆ ಬಂದೊಡನೆ ಮೊದಲ ಪುಟವನ್ನು ಬಿಟ್ಟು ಕಡೆಯ ಪುಟವನ್ನು ತೆರೆಯುವ ಮಕ್ಕಳು ಪ್ರತಿಯೊಂದು ಮನೆಯಲ್ಲಿಯೂ ಇರುತ್ತಾರೆ. ಕ್ರೀಡೆಗೆ ಮೀಸಲಾದ ಆ ಪುಟದ ಮೂಲೆಯಲ್ಲಿ, ಕಾಲ್ಚೆಂಡಿನ ಲೀಗ್ ಪಂದ್ಯಗಳು ನಡೆಯುವ ದಿನಗಳಲ್ಲಿ, ಒಂದು ಸಣ್ಣ ಕೋಷ್ಟಕ ಅಚ್ಚಾಗಿರುತ್ತದೆ. ತಂಡದ ಹೆಸರು, ಆಡಿದ ಪಂದ್ಯಗಳು, ಗೆಲುವು, ಸೋಲು, ಸಮ, ಒಟ್ಟು ಅಂಕ. ಇಷ್ಟೇ ಅದರ ಸಂಪತ್ತು. ಮಕ್ಕಳ ಕಣ್ಣು ಸಹಜವಾಗಿಯೇ ಮೊದಲನೆಯ ಸಾಲಿಗೆ ಹೋಗುತ್ತದೆ. ಈ ತಿಂಗಳು ನಾವು ವಾಚಕ ಬಂಧುಗಳ ಗಮನವನ್ನು ಆ ಕೋಷ್ಟಕದ ಕಟ್ಟಕಡೆಯ ಸಾಲಿನ ಕಡೆಗೆ ಸೆಳೆಯಬಯಸುತ್ತೇವೆ. ಲೀಗ್ ಪದ್ಧತಿಯ ಸತ್ತ್ವವೆಲ್ಲ ಅಲ್ಲಿ ಅಡಗಿದೆಯೆಂದು ನಮ್ಮ ತಿಳಿವಳಿಕೆ.

ಪದ್ಧತಿಯನ್ನು ಅರಿಯದ ಹಿರಿಯರಿಗಾಗಿ ಎರಡು ಮಾತು. ಪ್ರಶಸ್ತಿ ಪಂದ್ಯಾವಳಿಯಲ್ಲಿ ಒಮ್ಮೆ ಸೋತವನು ಮನೆಗೆ ಹೋಗುತ್ತಾನೆ. ಲೀಗ್ ಹಾಗಲ್ಲ. ಅಲ್ಲಿ ಪ್ರತಿಯೊಂದು ತಂಡವೂ ಉಳಿದೆಲ್ಲ ತಂಡಗಳೊಡನೆ ಆಡತಕ್ಕದ್ದು. ಹಿಂದೆ ಗೆದ್ದರೆ 2 ಅಂಕ, ಸಮವಾದರೆ 1 ಇತ್ತು. ಗೆಲುವಿಗೆ 3 ಅಂಕ ಕೊಡುವ ಕ್ರಮವನ್ನು ಇಂಗ್ಲೆಂಡಿನವರು 1981ರಲ್ಲಿ ಆರಂಭಿಸಿದರು, ಅನಂತರ ಅದು ಲೋಕದಲ್ಲೆಲ್ಲ ಹರಡಿತು. ತಿಂಗಳುಗಟ್ಟಲೆ ನಡೆಯುವ ಈ ಆಟದ ಕೊನೆಯಲ್ಲಿ ಮೇಲಣ ಶ್ರೇಣಿಯ ಕಡೆಯ ಒಂದೆರಡು ತಂಡಗಳು ಕೆಳಗಣ ಶ್ರೇಣಿಗೆ ಇಳಿಯುತ್ತವೆ. ಕೆಳಗಣ ಶ್ರೇಣಿಯಲ್ಲಿ ಮುಂದಿದ್ದವು ಅವುಗಳ ಸ್ಥಾನಕ್ಕೆ ಏರುತ್ತವೆ. ಏರುವುದಕ್ಕೆ ಬಡ್ತಿಯೆಂದೂ ಇಳಿಯುವುದಕ್ಕೆ ಹಿಂಬಡ್ತಿಯೆಂದೂ ನಮ್ಮ ಪತ್ರಿಕೆಗಳು ಬರೆಯುತ್ತವೆ. ಕಚೇರಿಗಳಲ್ಲಿ ದುಡಿಯುವ ವಾಚಕರಿಗೆ ಎರಡನೆಯ ಶಬ್ದ ಕಿವಿಗೆ ಹಿತವಾಗದು. ಸರ್ಕಾರಿ ಕಡತದಲ್ಲಿ ಹಿಂಬಡ್ತಿಯೆಂದರೆ ದಂಡನೆ. ಕಾಲ್ಚೆಂಡಿನಲ್ಲಿ ಅದು ದಂಡನೆಯಲ್ಲ, ವರ್ಷದ ಲೆಕ್ಕ ಮಾತ್ರ.

ಈ ಲೆಕ್ಕ ತನ್ನಷ್ಟಕ್ಕೆ ತಾನೇ ಹುಟ್ಟಲಿಲ್ಲ. ಇಂಗ್ಲೆಂಡಿನಲ್ಲಿ 1892ರಲ್ಲಿ ಎರಡನೆಯ ಶ್ರೇಣಿ ಏರ್ಪಟ್ಟಾಗ, ಮೇಲಿನ ಶ್ರೇಣಿಯಲ್ಲಿ ಹಿಂದೆ ಬಿದ್ದವರಿಗೂ ಕೆಳಗಿನ ಶ್ರೇಣಿಯಲ್ಲಿ ಮುಂದಿದ್ದವರಿಗೂ ನಡುವೆ ಪರೀಕ್ಷಾ ಪಂದ್ಯಗಳನ್ನು ನಡೆಸಿ ಸ್ಥಾನವನ್ನು ನಿರ್ಣಯಿಸುತ್ತಿದ್ದರು. 1898ರ ಏಪ್ರಿಲ್ ತಿಂಗಳಲ್ಲಿ ಸ್ಟೋಕ್ ಮತ್ತು ಬರ್ನ್ಲಿ ತಂಡಗಳು ಇಂಥದೊಂದು ಪಂದ್ಯಕ್ಕೆ ಇಳಿದವು. ಆಟ ಸಮವಾದರೆ ಇಬ್ಬರಿಗೂ ಮೇಲಣ ಶ್ರೇಣಿಯಲ್ಲಿ ಜಾಗ ದೊರೆಯುತ್ತಿತ್ತು. ಇಬ್ಬರಿಗೂ ಅದು ಗೊತ್ತಿತ್ತು. ಪರಿಣಾಮವಾಗಿ ಗೋಲಿನ ಕಡೆಗೆ ಚೆಂಡನ್ನು ಒದೆಯುವ ಉತ್ಸಾಹವನ್ನು ಯಾರೂ ತೋರಲಿಲ್ಲ. ಪ್ರೇಕ್ಷಕರು ರೊಚ್ಚಿಗೆದ್ದು, ತಮ್ಮ ಕಡೆಗೆ ಬಂದ ಚೆಂಡನ್ನು ಮರಳಿಸದೆ ತಾವೇ ಇಟ್ಟುಕೊಳ್ಳತೊಡಗಿದರೆಂದು ಹೇಳುತ್ತಾರೆ. ಆಡದವರ ಕೈಯಲ್ಲಿ ಚೆಂಡೇಕೆ ಎಂಬುದು ಅವರ ವಾದವಿದ್ದೀತು. ನಮಗೇನೋ ಅದು ನ್ಯಾಯವಾಗಿಯೇ ತೋರುತ್ತದೆ. ಮಾರನೆಯ ಋತುವಿನಿಂದ ಪರೀಕ್ಷಾ ಪಂದ್ಯಗಳು ನಿಂತುಹೋದವು. ಇಡೀ ವರ್ಷದ ಅಂಕಗಳೇ ಏರಿಳಿತವನ್ನು ನಿರ್ಣಯಿಸುವ ನಿಯಮ ಬಂದಿತು.

ಅದೇ 1898ನೆಯ ಇಸವಿಯಲ್ಲಿ ನಮ್ಮ ದೇಶದ ಕಲ್ಕತ್ತೆಯಲ್ಲಿ ಫುಟ್‌ಬಾಲ್ ಲೀಗ್ ಆರಂಭವಾಯಿತು. ಏಷ್ಯಾ ಖಂಡದ ಅತ್ಯಂತ ಹಳೆಯ ಲೀಗುಗಳಲ್ಲಿ ಅದೂ ಒಂದು. ಗ್ಲಾಸ್ಟರ್‌ಶೈರ್ ರೆಜಿಮೆಂಟಿನ ಸಿಪಾಯಿಗಳು ಮೊದಲ ವಿಜೇತರು. ಆ ಕೋಷ್ಟಕದಲ್ಲಿ ಇದ್ದವರೆಲ್ಲರೂ ಬಿಳಿಯರು. ಒಂದೋ ಪಲ್ಟನ್ನಿನವರು, ಇಲ್ಲವೇ ವರ್ತಕರ ಕ್ಲಬ್ಬಿನವರು. ಮೊದಲನೆಯ ಸಾಲಾಗಲಿ ಕಡೆಯ ಸಾಲಾಗಲಿ ದೇಶೀಯರಿಗೆ ಇರಲಿಲ್ಲ. 1911ರ ಜುಲೈ 29ರಂದು ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2-1 ಗೋಲುಗಳಿಂದ ಸೋಲಿಸಿ ಐ.ಎಫ್.ಎ. ಶೀಲ್ಡನ್ನು ಗೆದ್ದ ಕಥೆ ಎಲ್ಲರಿಗೂ ತಿಳಿದದ್ದೇ. ಬಹುಮಂದಿ ಬರಿಗಾಲಿನಲ್ಲಿ ಆಡಿ ಗೆದ್ದರೆಂದು ಅದನ್ನು ಶಾಲೆಯ ಪಾಠಗಳಲ್ಲಿಯೂ ಹೇಳಿಕೊಡುತ್ತಾರೆ. ಆದರೆ ಗೆದ್ದ ಮರುವರ್ಷವೂ ಆ ತಂಡಕ್ಕೆ ಲೀಗಿನಲ್ಲಿ ಸ್ಥಳವಿರಲಿಲ್ಲವೆಂಬುದನ್ನು ಹೇಳುವವರು ವಿರಳ. ಶೀಲ್ಡ್ ಗೆಲ್ಲುವುದು ಒಂದು ದಿನದ ಮಾತು. ನೆರೆಯವನೆಂದು ಒಪ್ಪಿ ವರ್ಷವಿಡೀ ಸಮಪಂಕ್ತಿಯಲ್ಲಿ ಕೂರಿಸಿಕೊಳ್ಳುವುದು ಬೇರೆಯ ಮಾತು. 1914ರಲ್ಲಿ ಎರಡನೆಯ ಶ್ರೇಣಿಯ ಬಾಗಿಲು ತೆರೆಯಿತು, 1915ರಲ್ಲಿ ಮೋಹನ್ ಬಾಗಾನ್ ಮೊದಲನೆಯ ಶ್ರೇಣಿಗೆ ಬಂದಿತು.

ಬಾಗಿಲು ತೆರೆದರೂ ಅಗಣಿ ಪೂರ್ತಿ ಸರಿದಿರಲಿಲ್ಲ. ಪ್ರಥಮ ಶ್ರೇಣಿಯಲ್ಲಿ ಭಾರತೀಯ ತಂಡಗಳು ಎರಡನ್ನು ಮೀರಕೂಡದೆಂಬ ನಿಯಮವಿತ್ತು. ಮೋಹನ್ ಬಾಗಾನ್ ಮತ್ತು ಆರ್ಯನ್ ತಂಡಗಳು ಆ ಎರಡು ಸ್ಥಾನಗಳಲ್ಲಿದ್ದವು. ಮೂರನೆಯವನು ಎಷ್ಟೇ ಚೆನ್ನಾಗಿ ಆಡಲಿ, ಅವನ ಬಡ್ತಿ ಕಾಗದದಲ್ಲಿಯೇ ಉಳಿಯತಕ್ಕದ್ದು. 1920ರಲ್ಲಿ ಹುಟ್ಟಿದ ಈಸ್ಟ್ ಬೆಂಗಾಲ್ ಎಂಬ ಸಂಘ ಈ ಗೋಡೆಗೆ ಬಂದು ನಿಂತಿತು. 1924ರಲ್ಲಿ ಎರಡನೆಯ ಶ್ರೇಣಿಯಲ್ಲಿ ಕ್ಯಾಮರಾನ್ ಹೈಲ್ಯಾಂಡರ್ಸ್ ಪಲ್ಟನ್ನಿನ ಎರಡನೆಯ ತಂಡದೊಡನೆ ಅಗ್ರಸ್ಥಾನವನ್ನು ಹಂಚಿಕೊಂಡಿತು. ಆ ಪಲ್ಟನ್ನಿನ ಮೊದಲ ತಂಡ ಆಗಲೇ ಮೇಲಿದ್ದುದರಿಂದ ಏರುವ ಅರ್ಹತೆ ಈಸ್ಟ್ ಬೆಂಗಾಲಿಗೆ ಮಾತ್ರ ಉಳಿಯಿತು. ನಿಯಮವನ್ನು ಬಿಡಬೇಕು, ಇಲ್ಲವೇ ನ್ಯಾಯವನ್ನು ಬಿಡಬೇಕು. ವಾದವಿವಾದಗಳ ತರುವಾಯ ನಿಯಮವೇ ಹೋಯಿತು. 1925ರ ಮೇ 28ರಂದು ಪ್ರಥಮ ಶ್ರೇಣಿಯಲ್ಲಿ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಮೊದಲ ಬಾರಿಗೆ ಎದುರಾದವು. ಹೊಸಬರು ಒಂದು ಗೋಲಿನಿಂದ ಗೆದ್ದರು.

ಇಲ್ಲಿಗೆ ಕಥೆ ಮುಗಿದಿದ್ದರೆ ಅದು ಬರಿಯ ವಿಜಯಗಾಥೆಯಾಗುತ್ತಿತ್ತು, ನಾವು ಬರೆಯಲು ಕೂರುತ್ತಲೂ ಇರಲಿಲ್ಲ. ಅಷ್ಟು ಹೋರಾಡಿ ಏರಿದ ಈಸ್ಟ್ ಬೆಂಗಾಲ್ 1928ರಲ್ಲಿ ಕೋಷ್ಟಕದ ಕೆಳಗೆ ಬಿದ್ದು ಎರಡನೆಯ ಶ್ರೇಣಿಗೆ ಇಳಿಯಿತು. ತಮಗಾಗಿ ನಿಯಮವನ್ನೇ ತಿದ್ದಿಸಿಕೊಂಡವರು ಮೂರು ವರ್ಷ ಕಳೆಯುವಷ್ಟರಲ್ಲಿ ಇಳಿದುಹೋದರೆಂದರೆ ಊರಿನ ನಾಲಗೆ ಸುಮ್ಮನಿದ್ದೀತೆ? ಮನೆತನಗಳ ವಿಷಯದಲ್ಲಿಯೂ ಲೋಕದ ರೀತಿ ಇದೇ ಅಲ್ಲವೆ! ಅಂಗಡಿ ಮುಚ್ಚಿದವನ ಮನೆಯ ಮದುವೆಗೆ ಹೋಗುವವರ ಸಂಖ್ಯೆ ಆ ವರ್ಷವೇ ಕಡಿಮೆಯಾಗುತ್ತದೆ. ಹೊಲ ಮಾರಿದವನಿಗೆ ಜಗುಲಿಯ ಮೇಲೆ ಕೂರಲು ಹೇಳುವವರ ದನಿ ತಗ್ಗುತ್ತದೆ.

ಆದರೆ ಕಾಲ್ಚೆಂಡಿನ ಕೋಷ್ಟಕ ಜನರ ನಾಲಗೆಗಿಂತ ದಯಾಳು. ಇಳಿದವನಿಗೆ ಅದು ಹೇಳುವುದಿಷ್ಟೇ: ಮುಂದಿನ ಋತುವಿನಲ್ಲಿ ನಿನ್ನ ಅಂಕ ಸೊನ್ನೆ, ಎಲ್ಲರದ್ದೂ ಸೊನ್ನೆ. 1930ರಲ್ಲಿ ಕಾನೂನುಭಂಗ ಚಳವಳಿಯ ಕಾರಣದಿಂದ ಲೀಗ್ ಅರ್ಧಕ್ಕೇ ನಿಂತಿತು. ಮೇಲೇರುವ ಅವಕಾಶ ಕೈತಪ್ಪಿದ್ದಕ್ಕೆ ಈಸ್ಟ್ ಬೆಂಗಾಲಿನ ಅಭಿಮಾನಿಗಳು ದೀವಟಿಗೆ ಹಿಡಿದು ಪ್ರತಿಭಟನೆಯ ಮೆರವಣಿಗೆ ಹೊರಟರೆಂದೂ, ಆ ಸಂಘದ ಲಾಂಛನದಲ್ಲಿ ಇಂದಿಗೂ ಇರುವ ದೀವಟಿಗೆ ಅದೇ ಎಂದೂ ಅದರ ಇತಿಹಾಸವನ್ನು ಹೇಳುವವರು ಹೇಳುತ್ತಾರೆ. ಗೆದ್ದ ದಿನದ ಗುರುತನ್ನು ಲಾಂಛನವಾಗಿಸಿದವರು ಬಹಳ ಮಂದಿ. ಕೆಳಗೆ ಉಳಿಯಬೇಕಾಗಿ ಬಂದ ದಿನದ ಗುರುತನ್ನು ಎದೆಯ ಮೇಲೆ ಧರಿಸಿದವರು ಎಷ್ಟು ಮಂದಿ? 1931ರಲ್ಲಿ ಅವರು ಎರಡನೆಯ ಶ್ರೇಣಿಯನ್ನು ಗೆದ್ದರು. 1932ರಲ್ಲಿ, ಮರಳಿ ಬಂದ ಮೊದಲ ವರ್ಷವೇ, ಮೇಲಣ ಶ್ರೇಣಿಯಲ್ಲಿ ಎರಡನೆಯವರಾದರು. ಮೊದಲನೆಯ ಸ್ಥಾನಕ್ಕೆ ಮಾತ್ರ 1942ರವರೆಗೆ ಕಾಯಬೇಕಾಯಿತು.

ಅಷ್ಟರಲ್ಲಿ ಇನ್ನೊಬ್ಬರು ಬಂದು ಹೋಗಿದ್ದರು. ಮಹಮ್ಮಡನ್ ಸ್ಪೋರ್ಟಿಂಗ್ ತಂಡ ವರ್ಷಾನುಗಟ್ಟಲೆ ಎರಡನೆಯ ಶ್ರೇಣಿಯಲ್ಲಿದ್ದು, 1933ರ ಋತುವಿನ ಬಡ್ತಿಯಿಂದ ಮೇಲೆ ಬಂದು, 1934ರಲ್ಲಿ ಬಂದ ವರ್ಷವೇ ಲೀಗನ್ನು ಗೆದ್ದಿತು. ಮೂವತ್ತಾರು ವರ್ಷಗಳ ಇತಿಹಾಸದಲ್ಲಿ ಭಾರತೀಯ ತಂಡವೊಂದು ಆ ಲೀಗನ್ನು ಗೆದ್ದದ್ದು ಅದೇ ಮೊದಲು. ಅಲ್ಲಿಂದ 1938ರವರೆಗೆ ಐದು ವರ್ಷ ಸತತವಾಗಿ ಗೆದ್ದರು. ಅನಂತರ ಯಾವ ಬ್ರಿಟಿಷ್ ತಂಡವೂ ಆ ಪ್ರಶಸ್ತಿಯನ್ನು ಮುಟ್ಟಲಿಲ್ಲ. ಕಲ್ಕತ್ತೆಯ ಲೀಗ್ ನಡೆಯುವುದು ಮಳೆಗಾಲದಲ್ಲಿ. ಕೆಸರಿನಲ್ಲಿ ಬರಿಗಾಲು ಜಾರುತ್ತದೆಂದು ಕಂಡುಕೊಂಡ ಆ ತಂಡದವರು ಒದ್ದೆ ಮೈದಾನದಲ್ಲಿ ಬೂಟು ಧರಿಸುವ ಅಭ್ಯಾಸ ಮಾಡಿದರು. ಊರೂರುಗಳಿಂದ ಆಟಗಾರರನ್ನು ಕರೆತಂದರು. ಹಾಗೆ ಹೋದವರಲ್ಲಿ ನಮ್ಮ ಬೆಂಗಳೂರಿನವರೂ ಇದ್ದರು. ಆ ಕಾಲದ ಬೆಂಗಳೂರಿನ ಆಟವೇನೂ ಸಾಮಾನ್ಯವಾದುದಲ್ಲ. 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. ಮುಂದೆ ಈಸ್ಟ್ ಬೆಂಗಾಲಿನ ಮುನ್ನಡೆಯ ಸಾಲಿನಲ್ಲಿ ಪಂಚಪಾಂಡವರೆಂದು ಬಂಗಾಳಿಗಳು ಕರೆದ ಐವರಲ್ಲಿ ಒಬ್ಬರಾದ ಅಹಮದ್ ಖಾನ್ ಕೂಡ ಬೆಂಗಳೂರಿನವರೇ. 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ ಕೂಟಗಳಲ್ಲಿ ಅವರು ದೇಶಕ್ಕಾಗಿ ಆಡಿದರು.

ಈ ಮೂರು ತಂಡಗಳ ಪ್ರಾಬಲ್ಯ ಆಮೇಲೆ ಎಷ್ಟು ಬೆಳೆಯಿತೆಂದರೆ, 1958ರಲ್ಲಿ ಈಸ್ಟರ್ನ್ ರೈಲ್ವೆ ಗೆದ್ದ ಮೇಲೆ ನಾಲ್ಕನೆಯವನೊಬ್ಬ ಕಲ್ಕತ್ತೆಯ ಲೀಗನ್ನು ಗೆಲ್ಲಲು 2019ರವರೆಗೆ ಕಾಯಬೇಕಾಯಿತು. ಆ ವರ್ಷ ಪೀರ್‌ಲೆಸ್ ತಂಡ ಗೆದ್ದಿತು. ಬಾಗಿಲು ತೆರೆದಿದ್ದರೂ ಒಳಗಿನವರು ಪೀಠವನ್ನು ಸುಲಭವಾಗಿ ಬಿಡುವುದಿಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಏರಿಳಿತದ ಪದ್ಧತಿಯನ್ನು ನಾವು ಹೀಗೆ ಹೊಗಳುತ್ತ ಹೋದರೆ, ಇಳಿದವರೆಲ್ಲರೂ ಮತ್ತೆ ಏರುತ್ತಾರೆಂದು ಮಕ್ಕಳು ಭಾವಿಸಿಯಾರು. ಹಾಗಿಲ್ಲ. ಪಂಜಾಬಿನ ಫಗ್ವಾರದ ಜೆ.ಸಿ.ಟಿ. ಗಿರಣಿಯ ತಂಡ 1996-97ರಲ್ಲಿ ನಮ್ಮ ದೇಶದ ಮೊತ್ತಮೊದಲ ರಾಷ್ಟ್ರೀಯ ಲೀಗನ್ನು ಗೆದ್ದದ್ದು. 2011ರಲ್ಲಿ ಅದು ಐ-ಲೀಗಿನ ಕೋಷ್ಟಕದಲ್ಲಿ ಕೆಳಗೆ ಬಿದ್ದು ಹಿಂಬಡ್ತಿ ಹೊಂದಿತು. ಅದೇ ವರ್ಷ ಮಾಲೀಕರು ತಂಡವನ್ನೇ ವಿಸರ್ಜಿಸಿದರು. ಮರುವರ್ಷ ನಮ್ಮ ಬೆಂಗಳೂರಿನ ಎಚ್.ಎ.ಎಲ್. ತಂಡವೂ ಅದೇ ಲೀಗಿನಿಂದ ಇಳಿಯಿತು. ಆಟಗಾರನ ಅನ್ನ ತಂಡಕ್ಕೆ ಕಟ್ಟಿಕೊಂಡಿರುತ್ತದೆ. ಹುಲ್ಲು ಕತ್ತರಿಸುವವನ, ಚೆಂಡಿಗೆ ಗಾಳಿ ತುಂಬುವವನ ಅನ್ನವೂ ಅಷ್ಟೇ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನವರು ಕೆಳಗಿಳಿದ ತಂಡಗಳಿಗೆ ಕೆಲವು ವರ್ಷ ಹಣದ ನೆರವನ್ನು ಕೊಡುತ್ತಾರೆ. ಬೀಳುವವನಿಗೆ ಕೊಡೆ ಹಿಡಿದಂತೆ ಎಂಬ ಅರ್ಥ ಬರುವ ಹೆಸರು ಅದಕ್ಕೆ. ಏಣಿಯನ್ನು ನಿಲ್ಲಿಸಿದವರು ಅದರ ಬುಡದಲ್ಲಿ ಹುಲ್ಲನ್ನೂ ಹಾಸಬೇಕಾಗುತ್ತದೆ. ನಮ್ಮಲ್ಲಿ ಏಣಿಯನ್ನು ನಿಲ್ಲಿಸಿದ ಉತ್ಸಾಹ ಹುಲ್ಲು ಹಾಸುವಲ್ಲಿ ಕಾಣಲಿಲ್ಲ.

ಬಿದ್ದವರ ಕಷ್ಟವನ್ನು ಕಂಡು ಏಣಿಯನ್ನೇ ತೆಗೆದಿಡುವುದು ಇನ್ನೊಂದು ದಾರಿ. 2014ರಲ್ಲಿ ಆರಂಭವಾದ ಇಂಡಿಯನ್ ಸೂಪರ್ ಲೀಗಿನಲ್ಲಿ ಹಣ ತೆತ್ತು ಪಡೆದ ಸ್ಥಾನ ಸ್ಥಿರವಾಗಿತ್ತು. ಕಡೆಯವನಾದರೂ ಇಳಿಯುವ ಭಯವಿರಲಿಲ್ಲ. 2013ರಲ್ಲಿ ಸ್ಥಾಪನೆಯಾಗಿ ಮೊದಲ ಋತುವಿನಲ್ಲಿಯೇ ಐ-ಲೀಗನ್ನು ಗೆದ್ದ ಬೆಂಗಳೂರು ಎಫ್.ಸಿ. 2017ರಲ್ಲಿ ಅಲ್ಲಿಗೆ ಹೋದದ್ದು ಬಡ್ತಿಯಿಂದಲ್ಲ. 2019-20ರ ಐ-ಲೀಗನ್ನು ಗೆದ್ದ ಮೋಹನ್ ಬಾಗಾನ್ ಕೂಡ 2020ರಲ್ಲಿ ಅಲ್ಲಿಗೆ ಪ್ರವೇಶಿಸಿದ್ದು ಆ ಗೆಲುವಿನಿಂದಲ್ಲ, ಆಗಲೇ ಒಳಗಿದ್ದ ತಂಡವೊಂದರೊಡನೆ ಕೂಡಿಕೊಂಡು. ಈಸ್ಟ್ ಬೆಂಗಾಲ್ ಹೊಸ ಹೂಡಿಕೆದಾರರನ್ನು ಹುಡುಕಿಕೊಂಡು ಅದೇ ವರ್ಷ ಒಳಗೆ ಬಂದಿತು. 1915ರಲ್ಲಿಯೂ 1925ರಲ್ಲಿಯೂ ಬಣ್ಣ ಕಾಯುತ್ತಿದ್ದ ಬಾಗಿಲನ್ನು ಈಗ ಹಣ ಕಾಯುತ್ತಿತ್ತು. ಹಣ ಹೂಡಿದವನಿಗೆ ಭದ್ರತೆ ಬೇಕೆಂಬ ವಾದವನ್ನು ನಾವು ಅಲ್ಲಗಳೆಯುವುದಿಲ್ಲ. ಭದ್ರತೆಯಿಲ್ಲದೆ ಯಾರೂ ಮೈದಾನ ಕಟ್ಟಿಸಲಾರರು. ಆದರೆ ಕಡೆಯ ಸಾಲಿಗೆ ಬೆಲೆಯಿಲ್ಲದ ಕೋಷ್ಟಕದಲ್ಲಿ ಋತುವಿನ ಕೊನೆಯ ತಿಂಗಳು ಸ್ಟೋಕ್ ಮತ್ತು ಬರ್ನ್ಲಿಯವರ ಆಟದಂತೆ ಆಗುವುದನ್ನು ತಡೆಯುವವರು ಯಾರು?

ಐ-ಲೀಗ್ ಗೆದ್ದವರಿಗೆ ಮೇಲೇರುವ ದಾರಿಯನ್ನು ಕಡೆಗೂ 2022-23ರ ಋತುವಿನಿಂದ ತೆರೆದರು. ಮೊದಲು ಪಂಜಾಬಿನ ತಂಡವೊಂದು ಏರಿತು. ಎರಡನೆಯದಾಗಿ 2024ರಲ್ಲಿ ಏರಿದ್ದು, ಹತ್ತು ವರ್ಷಗಳ ಹಿಂದೆ ಐ-ಲೀಗಿನಿಂದಲೇ ಕೆಳಗಿಳಿದಿದ್ದ, 2020ರಲ್ಲಿ ಅರ್ಹತಾ ಪಂದ್ಯಗಳನ್ನು ಗೆದ್ದು ಮರಳಿದ್ದ ಮಹಮ್ಮಡನ್ ಸ್ಪೋರ್ಟಿಂಗ್. ಆ ಸಂಘ ಕಲ್ಕತ್ತೆಯ ಎರಡನೆಯ ಶ್ರೇಣಿಯಿಂದ ಬಂದು ಪ್ರಥಮ ಶ್ರೇಣಿಯನ್ನು ಗೆದ್ದು ಆಗ ಸರಿಯಾಗಿ ತೊಂಬತ್ತು ವರ್ಷಗಳಾಗಿದ್ದವು. ಈ ಬಾರಿ ಹಾಗಾಗಲಿಲ್ಲ. 2024-25ರ ಸೂಪರ್ ಲೀಗಿನಲ್ಲಿ ಹದಿಮೂರು ತಂಡಗಳ ನಡುವೆ ಅದು ಹದಿಮೂರನೆಯದಾಯಿತು. ಏರುವ ದಾರಿ ತೆರೆದಿತ್ತು, ಇಳಿಯುವ ದಾರಿ ಇನ್ನೂ ತೆರೆದಿರಲಿಲ್ಲವಾಗಿ ಅದು ಇಳಿಯಲಿಲ್ಲ. ಅಭಿಮಾನಿಗಳಿಗೆ ಸಮಾಧಾನವಾಗಿರಬಹುದು. ಆ ಒಂದು ಸ್ಥಾನಕ್ಕಾಗಿ ಕೆಳಗೆ ಕಾದಿದ್ದವರಿಗೆ ಏನೆನಿಸಿತೋ!

ನಮ್ಮ ಬೆಂಗಳೂರಿನಲ್ಲಿಯೂ ಸೂಪರ್ ಡಿವಿಜನ್ನಿನ ಕೆಳಗೆ ಎ, ಬಿ, ಸಿ ಎಂಬ ಶ್ರೇಣಿಗಳುಂಟು. ಕ್ರೀಡೆಯಲ್ಲಿ ಆಸಕ್ತಿಯಿರುವ ಮಕ್ಕಳನ್ನು ತಂದೆತಾಯಿಗಳು ಒಮ್ಮೆ ಆಟ ತೋರಿಸಲು ಕರೆದುಕೊಂಡು ಹೋಗುವುದಾದರೆ, ಪ್ರಶಸ್ತಿ ನಿರ್ಣಯವಾಗುವ ದಿನಕ್ಕಿಂತ ಋತುವಿನ ಕಡೆಯ ವಾರದಲ್ಲಿ, ಕೋಷ್ಟಕದ ಕೆಳಗಿರುವ ಎರಡು ತಂಡಗಳು ಎದುರಾಗುವ ದಿನವನ್ನು ಆರಿಸಿಕೊಳ್ಳಲಿ. ಅಂದು ಗ್ಯಾಲರಿಯಲ್ಲಿ ಜಾಗ ಧಾರಾಳವಾಗಿ ಸಿಗುತ್ತದೆ.